ಹಾಯಿದೋಣಿಯ ದುರಸ್ತಿಗೆ ಯಾವ ಪ್ಲಾಸ್ಟಿಕ್ ಹಾಳೆ, ಹೇಗೆ ಕತ್ತರಿಸಬೇಕು?

ಪ್ರಶ್ನೆ: ನಾನು ಮಂಡ್ಯದವನು. ನಾವು ಮೂವರು ಗೆಳೆಯರು ಸೇರಿ ಹಳೆಯ ಎಂಟರ್‌ಪ್ರೈಸ್ ಎಂಬ, ಇಬ್ಬರು ನಡೆಸುವ ಸಣ್ಣ ಹಾಯಿದೋಣಿಯೊಂದನ್ನು ಕೊಂಡಿದ್ದೇವೆ. ಫೈಬರ್‌ಗ್ಲಾಸ್ ಮೈ ಗಟ್ಟಿಯಾಗಿಯೇ ಇದೆ. ಆದರೆ ಚುಕ್ಕಾಣಿಯ ಅಲಗು ಅದನ್ನು ಹಿಡಿದಿರುವ ಎರಡು ಪಕ್ಕದ ಹಲಗೆಗಳ ನಡುವೆ ಲೊಡಲೊಡ ಅಲುಗುತ್ತದೆ. ದೋಣಿಯನ್ನು ತೇಲಿಸುವ ಗಾಳಿಕೋಣೆಯ ಮುಚ್ಚಳ ಬಿರುಕು ಬಿಟ್ಟಿದೆ. ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಸುವ ಹಲಗೆ) ಇಳಿಯುವ ಸೀಳಿನ ಅಡಿಯಲ್ಲಿದ್ದ ರಬ್ಬರ್ ಪಟ್ಟಿ ಹರಿದುಹೋಗಿದೆ. ಮೈಸೂರಿನ ಒಂದು ಅಂಗಡಿಯವರು ನೈಲಾನ್ ಹಾಕಿ ಎಂದರು, ಇನ್ನೊಬ್ಬರು ಅಕ್ರಿಲಿಕ್ ಎಂದರು, ಮತ್ತೊಬ್ಬರು ಸನ್‌ಬೋರ್ಡ್ ಸಾಕು ಎಂದರು. ಯಾವುದನ್ನು ಕೊಳ್ಳಬೇಕು? ಮನೆಯಲ್ಲೇ ಹೇಗೆ ಕತ್ತರಿಸಬೇಕು? ಮಳೆಗಾಲದ ಗಾಳಿ ಶುರುವಾಗುವ ಮೊದಲು ಕೃಷ್ಣರಾಜಸಾಗರದ ಹಿನ್ನೀರಿಗೆ ಇಳಿಸಬೇಕೆಂಬ ಆಸೆ.

ಉತ್ತರ: ಮೂರು ಅಂಗಡಿಗಳಲ್ಲಿ ಮೂರು ಹೆಸರು ಕೇಳಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಅಂಗಡಿಯವರ ತಪ್ಪು ಇದರಲ್ಲಿ ಇಲ್ಲ. ದೋಣಿಗೆ ಗಟ್ಟಿಯಾದ ಪ್ಲಾಸ್ಟಿಕ್ ಬೇಕು ಎಂದು ಕೇಳಿದಾಗ ಅವರವರಿಗೆ ಗೊತ್ತಿರುವ ಗಟ್ಟಿ ವಸ್ತುವನ್ನು ತೋರಿಸಿದ್ದಾರೆ. ಕೇಳುವ ಪ್ರಶ್ನೆಯನ್ನೇ ಬದಲಿಸಿಕೊಳ್ಳಿ. ಹಾಳೆ ಎಷ್ಟು ಗಟ್ಟಿ ಎಂಬುದಕ್ಕಿಂತ ಮೊದಲು, ಅದು ಕೂರುವ ಜಾಗದಲ್ಲಿ ಯಾವ ಕೆಲಸ ಮಾಡಬೇಕು ಎಂದು ನೋಡಿ. ಚುಕ್ಕಾಣಿಯ ಬಳಿ ಅದು ಸದಾ ಉಜ್ಜಿಸಿಕೊಳ್ಳುತ್ತಿರಬೇಕು. ಮುಚ್ಚಳವಾದರೆ ಬಿಸಿಲನ್ನು ತಾಳಬೇಕು, ಮೇಲೆ ಯಾರಾದರೂ ಮೊಣಕಾಲು ಊರಿದರೂ ಒಡೆಯಬಾರದು. ಸೀಳಿನ ಬಾಯಲ್ಲಿ ಸಾವಿರ ಸಲ ಬಾಗಿ ಸಾವಿರ ಸಲ ನೆಟ್ಟಗಾಗಬೇಕು. ಈ ಮೂರನ್ನೂ ಮಾಡುವ ಒಂದೇ ಹಾಳೆ ಇಲ್ಲ. ನಿಮಗೆ ಮೂರು ಬೇರೆ ಬೇರೆ ಹಾಳೆ ಬೇಕು, ಮೂರರಲ್ಲೂ ಸ್ವಲ್ಪ ಸ್ವಲ್ಪ ಮಾತ್ರ.

ಜೊತೆಗೇ ಕೇಳಿಕೊಳ್ಳಬೇಕಾದ ಮಾತು: ಅಂಟಿಸುತ್ತೀರೋ, ಬೋಲ್ಟ್ ಹಾಕುತ್ತೀರೋ? ಎಚ್‌ಡಿಪಿಇ (ಗಟ್ಟಿ ಪಾಲಿಎಥಿಲೀನ್), ಪಾಲಿಪ್ರೊಪಿಲೀನ್, ಟೆಫ್ಲಾನ್ ಇವುಗಳ ಮೇಲ್ಮೈಗೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಹಚ್ಚಿದ ದಿನ ಹಿಡಿದಂತೆ ಕಂಡರೂ ನೀರಿನಲ್ಲಿ ಒಂದೆರಡು ಸಲ ಬಾಗಿದ ಮೇಲೆ ಸಿಪ್ಪೆಯಾಗಿ ಎದ್ದುಬರುತ್ತದೆ. ಬೆಂಕಿಯ ಜ್ವಾಲೆಯನ್ನು ಎಚ್‌ಡಿಪಿಇ ಮೇಲ್ಮೈ ಮೇಲೆ ಸರಕ್ಕನೆ ಹಾಯಿಸಿ ಎಪಾಕ್ಸಿ ಹಿಡಿಸುವ ವಿಧಾನವೊಂದಿದೆ. ಕಲಿತ ಕೈಗೆ ಅದು ಸರಿ, ಮೊದಲ ದುರಸ್ತಿಗೆ ಬೇಡ. ಈ ವಸ್ತುಗಳನ್ನು ಬೋಲ್ಟ್‌ನಿಂದಲೋ ಎರಡು ಭಾಗಗಳ ನಡುವೆ ಸಿಕ್ಕಿಸಿಯೋ ನಿಲ್ಲಿಸಬೇಕು. ಇದೇ ಗುಣ ಇನ್ನೊಂದು ಕಡೆ ಉಪಕಾರಕ್ಕೆ ಬರುತ್ತದೆ: ಫೈಬರ್‌ಗ್ಲಾಸ್ ತೇಪೆ ಹಾಕುವಾಗ ರಾಳ ಕಲಸಲು, ತೇಪೆಯ ಹಿಂದೆ ಒತ್ತು ಕೊಡಲು ಎಚ್‌ಡಿಪಿಇ ತುಂಡಿಗಿಂತ ಒಳ್ಳೆಯದು ಇಲ್ಲ. ರಾಳ ಒಣಗಿದ ಮೇಲೆ ಅದು ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

ಮೊದಲು ಚುಕ್ಕಾಣಿ. ಅಲಗಿಗೂ ಪಕ್ಕದ ಹಲಗೆಗಳಿಗೂ ನಡುವೆ ಎರಡೂ ಕಡೆ ತೆಳ್ಳನೆಯ ಬಿಲ್ಲೆ ಇಟ್ಟು ಸಡಿಲವನ್ನು ತುಂಬಬೇಕು. ಇಲ್ಲಿ ಎಚ್‌ಡಿಪಿಇ ಅಥವಾ ಅದರ ಇನ್ನೂ ಗಟ್ಟಿಮುಟ್ಟಾದ ಅಣ್ಣ ಯುಎಚ್‌ಎಂಡಬ್ಲ್ಯೂ ಪಾಲಿಎಥಿಲೀನ್ ಬೇಕು. ಕನ್ವೇಯರ್ ಸರಪಳಿ ಉಜ್ಜುವ ಜಾಗಕ್ಕೆ ಕಾರ್ಖಾನೆಗಳಲ್ಲಿ ಹಾಕುವುದು ಈ ಎರಡನೆಯದನ್ನು. ನೈಲಾನ್ ಇಲ್ಲಿ ಖಂಡಿತ ಬೇಡ. ನೈಲಾನ್ 6 ನೀರು ಕುಡಿಯುತ್ತದೆ. ಪೂರ್ತಿ ನೆನೆದರೆ ತನ್ನ ತೂಕದ ಶೇ. 9ರ ಹತ್ತಿರದವರೆಗೆ ನೀರು ಸೇರುತ್ತದೆ, ಅದರ ಜೊತೆಗೆ ದಪ್ಪವೂ ಹಿಗ್ಗುತ್ತದೆ. ಮನೆಯಲ್ಲಿ ಒಣಗಿರುವಾಗ ನಯವಾಗಿ ಜಾರುತ್ತಿದ್ದ ಅಲಗು ದಿನವೆಲ್ಲ ನೀರಿನಲ್ಲಿದ್ದ ಮೇಲೆ ಬಿಗಿಯಾಗುತ್ತದೆ. ದಡ ಹತ್ತಿರ ಬಂದು ಅಲಗನ್ನು ಮೇಲೆತ್ತಬೇಕಾದ ಹೊತ್ತಿಗೆ ಅದು ಏಳುವುದಿಲ್ಲ. ಎಚ್‌ಡಿಪಿಇ ನೀರನ್ನು ಹೀರುವುದೇ ಇಲ್ಲ ಎನ್ನಬಹುದು. ಡೆಲ್ರಿನ್ ಎಂದು ಮಾರುವ ಅಸಿಟಾಲ್ ಹಾಳೆಯೂ ಒಳ್ಳೆಯದೇ, ನೀರಿಗೆ ಹಿಗ್ಗುವುದು ತೀರಾ ಕಡಿಮೆ. ಆದರೆ ಬೆಲೆ ಹೆಚ್ಚು.

ಅಂಗಡಿಯಲ್ಲಿ ಬಿಳಿ ಹಾಳೆಗಳೆಲ್ಲ ಒಂದೇ ರೀತಿ ಕಾಣುತ್ತವೆ. ಮಾರುವವರು ಹೇಳಿದ ಹೆಸರನ್ನು ನಂಬುವುದಕ್ಕಿಂತ ಒಂದು ಚೂರನ್ನು ನೀರಿಗೆ ಹಾಕಿ ನೋಡಿ. ಎಚ್‌ಡಿಪಿಇ, ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ, ತೇಲುತ್ತವೆ. ನೈಲಾನ್, ಅಕ್ರಿಲಿಕ್, ಪಾಲಿಕಾರ್ಬೊನೇಟ್, ಅಸಿಟಾಲ್, ಗಟ್ಟಿ ಪಿವಿಸಿ ಎಲ್ಲವೂ ಮುಳುಗುತ್ತವೆ. ಚುಕ್ಕಾಣಿಯ ಕೆಲಸಕ್ಕೆ ಗಟ್ಟಿ ಹಾಳೆಯ ಚೂರು ತೇಲಿದರೆ ಸಾಕು, ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಸುಟ್ಟು ವಾಸನೆ ನೋಡಿ ಗುರುತಿಸಿ ಎಂದು ಕೆಲವರು ಹೇಳುತ್ತಾರೆ. ಪಾಲಿಎಥಿಲೀನ್ ಮೇಣದಬತ್ತಿಯ ವಾಸನೆ, ನೈಲಾನ್ ಸುಟ್ಟ ಕೂದಲಿನ ವಾಸನೆ ಕೊಡುವುದು ನಿಜ. ಆದರೆ ಗೊತ್ತಿಲ್ಲದ ಚೂರು ಪಿವಿಸಿಯಾಗಿದ್ದರೆ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನೂ, ಅಸಿಟಾಲ್ ಆಗಿದ್ದರೆ ಫಾರ್ಮಾಲ್ಡಿಹೈಡನ್ನೂ ಉಸಿರಾಡಿದಂತೆ. ನೀರಿನ ಬೋಗುಣಿ ಇರುವಾಗ ಈ ಅಪಾಯ ಯಾಕೆ? ಸಿಗುವುದೇ ಕಷ್ಟವಾದರೆ ಪಾತ್ರೆ ಅಂಗಡಿಯಲ್ಲಿ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ ಕೊಳ್ಳಿ. ಅವು ಸಾಮಾನ್ಯವಾಗಿ ಇವೆರಡರಲ್ಲಿ ಒಂದರಿಂದಲೇ ಆಗಿರುತ್ತವೆ. ಆದರೆ ನಿಮಗೆ ಬೇಕಿರುವುದು ತೆಳ್ಳನೆಯ ಹಾಳೆ. ದಪ್ಪ ಮಣೆ ಸೆಂಟರ್‌ಬೋರ್ಡ್ ಪೆಟ್ಟಿಗೆಯೊಳಗಿನ ಒತ್ತುಪಟ್ಟಿಗಳಂಥ ಕೆಲಸಕ್ಕೆ ಆಗುತ್ತದೆ.

ದಪ್ಪವನ್ನು ಊಹೆಯಿಂದ ತರಬೇಡಿ. ಅಲಗನ್ನು ಬಿಚ್ಚಿ, ಪಕ್ಕದ ಹಲಗೆಗಳ ನಡುವಿನ ಅಂತರವನ್ನೂ ಅಲಗಿನ ದಪ್ಪವನ್ನೂ ಕ್ಯಾಲಿಪರ್‌ನಿಂದ ಅಳೆಯಿರಿ. ಅಂತರ 24 ಮಿ.ಮೀ., ಅಲಗು 21 ಮಿ.ಮೀ. ಎಂದಿಟ್ಟುಕೊಳ್ಳೋಣ. ಉಳಿದದ್ದು 3 ಮಿ.ಮೀ. ಎರಡೂ ಕಡೆ 1.5 ಮಿ.ಮೀ. ಹಾಕಿದರೆ ಅಲಗು ಕಚ್ಚಿಕೊಳ್ಳುತ್ತದೆ, ಎರಡೂ ಕಡೆ 1 ಮಿ.ಮೀ. ಹಾಕಿದರೆ ಮತ್ತೆ ಅಲುಗುತ್ತದೆ. ಒಂದು ಕಡೆ 1.5, ಇನ್ನೊಂದು ಕಡೆ 1 ಹಾಕಿ. ಅರ್ಧ ಮಿ.ಮೀ. ಸಡಿಲ ಉಳಿಯುತ್ತದೆ, ಅಷ್ಟು ಬೇಕು. ಅಲಗು ನಡುಗೆರೆಯಿಂದ ಕಾಲು ಮಿ.ಮೀ. ಸರಿದರೆ ದೋಣಿಗೆ ಏನೂ ಆಗದು.

ಬಿಲ್ಲೆಯ ಅಗಲದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನನ್ನ ಬಳಿ ದುರಸ್ತಿಗೆ ಬರುವ ಚುಕ್ಕಾಣಿಗಳಲ್ಲಿ ಅನೇಕ ಸಲ ಅಲಗು ತಿರುಗುವ ಬೋಲ್ಟ್ ಸುತ್ತ 50 ಮಿ.ಮೀ. ಅಗಲದ ಪುಟ್ಟ ವಾಷರ್ ಇರುತ್ತದೆ. ಸಡಿಲ ಅರ್ಧ ಮಿ.ಮೀ. ಮಾತ್ರವೇ ಆದರೂ, 70 ಸೆಂ.ಮೀ. ಕೆಳಗಿರುವ ಅಲಗಿನ ತುದಿ ಸುಮಾರು 7 ಮಿ.ಮೀ. ಓಲಾಡುತ್ತದೆ. ಅದೇ ಸಡಿಲಕ್ಕೆ 150 ಮಿ.ಮೀ. ಅಗಲದ ಬಿಲ್ಲೆ ಇಟ್ಟರೆ ತುದಿಯ ಓಲಾಟ 2 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪಕ್ಕದ ಹಲಗೆ ಎಷ್ಟು ಅಗಲವಿದೆಯೋ ಅಷ್ಟೂ ಅಗಲದ ಬಿಲ್ಲೆ ಮಾಡಿ. ಬೋಲ್ಟ್‌ಗೆ ಒಳಗೆ ನೈಲಾನ್ ಬಳೆಯಿರುವ ಲಾಕ್ ನಟ್ ಹಾಕಿ, ಅಲಗು ಕೈಯಿಂದ ತಿರುಗುವಷ್ಟು ಮಾತ್ರ ಬಿಗಿ ಮಾಡಿ.

ಮುಚ್ಚಳಕ್ಕೆ ಪಾಲಿಕಾರ್ಬೊನೇಟ್. ಅಕ್ರಿಲಿಕ್ ನೋಡಲು ಚೆಂದ, ಬಿಸಿಲಿಗೆ ಹಳದಿಯಾಗುವುದೂ ಬಹಳ ನಿಧಾನ. ಆದರೆ ಪೆಟ್ಟು ಬಿದ್ದರೆ ಚೂಪಾದ ತುಂಡುಗಳಾಗಿ ಒಡೆಯುತ್ತದೆ. ಮಗುಚಿದ ದೋಣಿಯನ್ನು ಎತ್ತುವಾಗ ಬರಿಗಾಲು ಎಲ್ಲಿ ಬೀಳುತ್ತದೆ ಎಂದು ಹೇಳಲಾಗದು. ಸನ್‌ಬೋರ್ಡ್ ಎಂದರೆ ನೊರೆ ತುಂಬಿದ ಪಿವಿಸಿ. ನಾಮಫಲಕಕ್ಕೆ ಅದು ತಕ್ಕದ್ದೇ. ಬೋಲ್ಟ್ ಬಿಗಿದ ಕಡೆಯೆಲ್ಲ ಅದು ತಗ್ಗಿಹೋಗುತ್ತದೆ, ಮುಚ್ಚಳದ ಅಂಚು ಅಲೆಅಲೆಯಾಗಿ ನೀರು ಒಳಗೆ ಹೋಗುತ್ತದೆ. ಗಾಳಿಕೋಣೆಗೆ ನೀರು ತುಂಬಿದರೆ ಮಗುಚಿದ ದೋಣಿ ಮೇಲೇಳುವುದಿಲ್ಲ. ಈ ಒಂದು ಮುಚ್ಚಳದ ಮೇಲೆ ಇಬ್ಬರ ಜೀವ ನಿಂತಿರುತ್ತದೆ ಎಂಬುದನ್ನು ಅಂಗಡಿಯಲ್ಲಿ ನಿಂತಾಗ ನೆನಪಿಡಿ.

ಪಾಲಿಕಾರ್ಬೊನೇಟ್‌ನಲ್ಲಿ ಎರಡು ಬಗೆ ಸಿಗುತ್ತದೆ. ಮಹಡಿಯ ಮೇಲೆ ನೆರಳಿಗೆ ಹಾಕುವ, ಒಳಗೆ ಟೊಳ್ಳಾದ ಗೂಡುಗಳಿರುವ ಹಾಳೆ ಬೇಡ. ಅದರ ಗೂಡುಗಳಲ್ಲಿ ನೀರು ಸೇರಿ ಪಾಚಿ ಕಟ್ಟುತ್ತದೆ. ಘನವಾದ 5 ಅಥವಾ 6 ಮಿ.ಮೀ. ಹಾಳೆ ಕೊಳ್ಳಿ. ಸಾಮಾನ್ಯವಾಗಿ ಒಂದು ಮಗ್ಗುಲಿಗೆ ಮಾತ್ರ ನೇರಳಾತೀತ ಕಿರಣ ತಡೆಯುವ ಪದರ ಇರುತ್ತದೆ, ರಕ್ಷಣಾ ಹಾಳೆಯ ಮೇಲೆ ಅದನ್ನು ಬರೆದಿರುತ್ತಾರೆ. ಆ ಮಗ್ಗುಲು ಆಕಾಶಕ್ಕೆ ಮುಖ ಮಾಡಿರಬೇಕು. ರಕ್ಷಣಾ ಹಾಳೆ ಕೀಳುವ ಮೊದಲೇ ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ, ಕಿತ್ತ ಮೇಲೆ ಎರಡೂ ಮುಖ ಒಂದೇ ರೀತಿ ಕಾಣುತ್ತವೆ. ಪೆಟ್ರೋಲ್, ತಿನ್ನರ್, ಅಸಿಟೋನ್, ಬೋಲ್ಟ್ ಸಡಿಲವಾಗದಿರಲು ಹಾಕುವ ಲಾಕ್ ದ್ರವ, ಇವು ಯಾವುವೂ ಅದನ್ನು ಮುಟ್ಟಬಾರದು. ಮುಟ್ಟಿದರೆ ಬೋಲ್ಟ್ ತೂತಿನ ಸುತ್ತ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ, ಒಂದು ದಿನ ಅಲ್ಲಿಂದಲೇ ಸೀಳುತ್ತದೆ. ನಿಮ್ಮ ಹಳೆಯ ಮುಚ್ಚಳ ಬಿರುಕು ಬಿಟ್ಟದ್ದು ತೂತುಗಳ ಬಳಿಯೇ ಆಗಿದ್ದರೆ ಇದು ಅಥವಾ ಅತಿ ಬಿಗಿತ ಕಾರಣವಿರಬಹುದು. ತೊಳೆಯಲು ಸೌಮ್ಯ ಸೋಪು ಮತ್ತು ನೀರು ಸಾಕು.

ಬೋಲ್ಟ್ ತೂತು ಬೋಲ್ಟ್‌ಗಿಂತ ದೊಡ್ಡದಿರಲಿ. ಪಾಲಿಕಾರ್ಬೊನೇಟ್ ಬಿಸಿಯಾದಾಗ ಅದರ ಕೆಳಗಿನ ಫೈಬರ್‌ಗ್ಲಾಸ್‌ಗಿಂತ ಹೆಚ್ಚು ಹಿಗ್ಗುತ್ತದೆ. ಬೆಳಗಿನ ತಂಪಿಗೂ ಬಿಸಿಲಿಗೆ ಕಾದ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸ ಬಂದರೆ 200 ಮಿ.ಮೀ. ಮುಚ್ಚಳ ಅರ್ಧ ಮಿ.ಮೀ.ಗಿಂತ ಹೆಚ್ಚು ಬೆಳೆಯುತ್ತದೆ. 5 ಮಿ.ಮೀ. ಬೋಲ್ಟ್‌ಗೆ 6 ಮಿ.ಮೀ. ತೂತು ಕೊರೆಯಿರಿ. ತೂತಿನ ನಡುವಿನಿಂದ ಹಾಳೆಯ ಅಂಚಿಗೆ ತೂತಿನ ಅಗಲದ ಎರಡರಷ್ಟಾದರೂ ಜಾಗ ಇರಲಿ. ತಲೆ ಒಳಗೆ ಇಳಿಯುವ ಓರೆ ಸ್ಕ್ರೂ ಬೇಡ, ಅದು ಬೆಣೆಯಾಗಿ ಸೀಳುತ್ತದೆ. ಚಪ್ಪಟೆ ಅಡಿಯ ತಲೆ, ಕೆಳಗೆ ಅಗಲ ವಾಷರ್. ನೀರು ತಡೆಯಲು ಮೆತ್ತನೆಯ ಇಪಿಡಿಎಂ ರಬ್ಬರ್ ಹಾಳೆಯನ್ನು ಮುಚ್ಚಳದ ಆಕಾರಕ್ಕೆ ಬಳೆಯಂತೆ ಕತ್ತರಿಸಿ ಹಾಕಿ. ಸಿಲಿಕೋನ್ ಬಳಿದು ಶಾಶ್ವತವಾಗಿ ಮುಚ್ಚಬೇಡಿ. ಪ್ರತಿ ಸಲ ದೋಣಿ ಮೇಲೆತ್ತಿದ ಮೇಲೆ ಈ ಮುಚ್ಚಳ ತೆಗೆದು ಗಾಳಿಕೋಣೆ ಒಣಗಲು ಬಿಡಬೇಕು.

ಇನ್ನು ಸೀಳಿನ ಪಟ್ಟಿ. ಬೇಸಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ದೋಣಿಯನ್ನು ಕಲ್ಲು ಕೆಸರಿನ ದಡಕ್ಕೆ ಎಳೆಯುತ್ತೇವೆ. ಸಣ್ಣ ಕಲ್ಲು ಸೀಳಿನೊಳಗೆ ಸಿಕ್ಕಿಕೊಂಡು, ಮುಂದಿನ ಸಲ ಸೆಂಟರ್‌ಬೋರ್ಡ್ ಇಳಿಸಿದಾಗ ರಬ್ಬರನ್ನು ಕಿತ್ತುಹಾಕುತ್ತದೆ. ಮತ್ತೆ ರಬ್ಬರ್ ಹಾಕುವ ಬದಲು ಪಾಲಿಯೆಸ್ಟರ್ ಫಿಲ್ಮ್ ಹಾಕಿ. ಅದನ್ನು ಹುಡುಕಿಕೊಂಡು ನೀವು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಸುರುಳಿಗಳ ನಡುವೆ ಇಡಲು ಇದೇ ಫಿಲ್ಮನ್ನು ಮೈಲಾರ್ ಹಾಳೆ ಎಂಬ ಹೆಸರಿನಲ್ಲಿ ಇಟ್ಟಿರುತ್ತಾರೆ, ನಿಮ್ಮ ಮಂಡ್ಯದ ಸುತ್ತ ಅಂಥ ಅಂಗಡಿಗಳಿಗೆ ಬರವಿಲ್ಲ. 0.25ರಿಂದ 0.35 ಮಿ.ಮೀ. ದಪ್ಪದ್ದನ್ನು ಕೇಳಿ. ಕಾಗದ ಅಥವಾ ಬಟ್ಟೆಯಂಥ ಪದರ ಅಂಟಿಸಿದ ಬಗೆಯೂ ಅಲ್ಲಿ ಇರುತ್ತದೆ, ಅದು ನೀರು ಹೀರಿ ಪದರ ಬಿಡುತ್ತದೆ; ಪಾರದರ್ಶಕ ಅಥವಾ ಹಾಲುಬಣ್ಣದ ಬರಿಯ ಫಿಲ್ಮ್ ಮಾತ್ರ ತನ್ನಿ. ಎಡಕ್ಕೊಂದು ಬಲಕ್ಕೊಂದು ಪಟ್ಟಿ, ಎರಡರ ಅಂಚೂ ಸೀಳಿನ ನಡುಗೆರೆಯಲ್ಲಿ ಒಂದನ್ನೊಂದು ಮುಟ್ಟಬೇಕು. ಮುಂದೆ ಸ್ಪರ್ಧೆಗೆ ಇಳಿಯುವ ಯೋಚನೆಯಿದ್ದರೆ ಎಂಟರ್‌ಪ್ರೈಸ್ ವರ್ಗದ ಅಳತೆ ನಿಯಮಗಳನ್ನು ಒಮ್ಮೆ ನೋಡಿಕೊಂಡು ಕತ್ತರಿಸಿ.

ಕತ್ತರಿಸುವ ಕೆಲಸದಲ್ಲಿ ನಿಮ್ಮ ಶತ್ರು ಒಂದೇ: ಶಾಖ. ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ವೇಗವಾಗಿ ಓಡುವ ಗರಗಸದ ಹಲ್ಲು ಆ ಶಾಖವನ್ನು ಕ್ಷಣದಲ್ಲಿ ಮುಟ್ಟುತ್ತದೆ. ಆಗ ಪ್ಲಾಸ್ಟಿಕ್ ಕರಗಿ ಹಲ್ಲಿನ ಸಂದು ತುಂಬುತ್ತದೆ, ಗರಗಸ ಹಾದುಹೋದ ಹಿಂದೆಯೇ ಸೀಳು ಮತ್ತೆ ಬೆಸೆದುಕೊಳ್ಳುತ್ತದೆ. ಬೀಳುವ ಚೂರುಗಳನ್ನೇ ನೋಡುತ್ತಿರಿ. ತೆಂಗಿನ ತುರಿಯಂತೆ ಒಣಗಿ ಬಿಡಿಬಿಡಿಯಾಗಿ ಉದುರಿದರೆ ಕೆಲಸ ಸರಿಯಾಗಿದೆ. ಅಂಟಂಟಾಗಿ ಗುಂಡು ಗುಂಡಾಗಿ ಅಂಚಿಗೆ ಮೆತ್ತಿಕೊಂಡರೆ ವೇಗ ಇಳಿಸಿ, ನಿಲ್ಲಿಸಿ, ಹಲ್ಲನ್ನು ತಣಿಯಲು ಬಿಡಿ.

ಹಾಳೆಗೆ ಗರಗಸ ತಾಗಿಸುವ ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ದೋಣಿಗೆ ಹಿಡಿದು ನೋಡಿ. ಬೋಲ್ಟ್ ತೂತುಗಳನ್ನು ಹಳೆಯ ಮುಚ್ಚಳದಿಂದ ರಟ್ಟಿಗೆ ಇಳಿಸಿಕೊಳ್ಳಿ. ಹಳೆಯ ದೋಣಿಯಲ್ಲಿ ತೂತುಗಳು ಸಮ ಅಂತರದಲ್ಲಿ ಇರುತ್ತವೆಂದು ನಂಬಿ ಕಂಪಾಸ್‌ನಿಂದ ಎಳೆದರೆ ಒಂದೆರಡು ಕೂಡುವುದೇ ಇಲ್ಲ. ಎಚ್‌ಡಿಪಿಇ ಹಾಳೆಯನ್ನು ಬಿಸಿಲಿನಲ್ಲಿ ಅಳೆಯಬೇಡಿ. ಮೀಟರ್ ಉದ್ದದ ಪಟ್ಟಿ ಹತ್ತು ಡಿಗ್ರಿ ತಣಿದರೆ 1 ಮಿ.ಮೀ.ಗಿಂತ ಹೆಚ್ಚು ಕುಗ್ಗುತ್ತದೆ. ನೆರಳಿನಲ್ಲಿ ಒಂದು ಗಂಟೆ ಇಟ್ಟು ಆಮೇಲೆ ಗುರುತು ಹಾಕಿ.

1, 1.5 ಮಿ.ಮೀ. ಬಿಲ್ಲೆಗಳಿಗೆ ಗರಗಸವೇ ಬೇಡ. ಬಲವಾದ ಕತ್ತರಿ ಸಾಕು, ಅಥವಾ ಚೂಪು ಚಾಕುವಿನಿಂದ ಒಂದೇ ಗೆರೆಯನ್ನು ಹಗುರಾಗಿ ಹಲವು ಸಲ ಎಳೆದರೆ ಬಿಟ್ಟುಕೊಳ್ಳುತ್ತದೆ. ಒಂದೇ ಸಲಕ್ಕೆ ಒತ್ತಿದರೆ ಚಾಕು ದಾರಿ ಬಿಟ್ಟು ಬೆರಳಿನ ಕಡೆ ಬರುತ್ತದೆ. ದಪ್ಪ ಎಚ್‌ಡಿಪಿಇಗೆ ದೊಡ್ಡ ಹಲ್ಲಿನ ಮರದ ಕೈಗರಗಸ ಒಳ್ಳೆಯದು. ಸಣ್ಣ ಹಲ್ಲಿನ ಹ್ಯಾಕ್ಸಾ ಬೇಗ ಮೆತ್ತಿಕೊಳ್ಳುತ್ತದೆ. ಅಂಚನ್ನು ಉಪ್ಪುಕಾಗದದಿಂದ ತಿಕ್ಕಿದರೆ ನಯವಾಗದೆ ಜುಂಗು ಏಳುತ್ತದೆ. ಬಡಗಿಯ ಕೀಸುಳಿಯನ್ನು ಚೆನ್ನಾಗಿ ಮಸೆದು ಹಾಯಿಸಿ, ಉದ್ದುದ್ದ ಸುರುಳಿಯಾಗಿ ಸಿಪ್ಪೆ ಬರುತ್ತದೆ, ಅಂಚು ಕನ್ನಡಿಯಂತಾಗದಿದ್ದರೂ ನೇರವಾಗುತ್ತದೆ. ಕೊನೆಗೆ ಚಾಕುವಿನ ಅಲಗನ್ನು ಲಂಬವಾಗಿ ಹಿಡಿದು ಹೆರೆದರೆ ಮುಗಿಯಿತು.

ಪಾಲಿಕಾರ್ಬೊನೇಟ್ ಅನ್ನು ಗೀರಿ ಮುರಿಯಲು ಆಗದು. ಅಕ್ರಿಲಿಕ್ ಹಾಳೆಯನ್ನು ಗೀರುಚಾಕುವಿನಿಂದ ಗೀರಿ ಮೇಜಿನ ಅಂಚಿನಲ್ಲಿ ಒತ್ತಿದರೆ ಪಟ್ಟನೆ ಮುರಿಯುವಂತೆ ಇದು ಮುರಿಯುವುದಿಲ್ಲ, ಬರೀ ಬಾಗುತ್ತದೆ. ಜಿಗ್‌ಸಾ ಬೇಕು. ರಕ್ಷಣಾ ಹಾಳೆಯನ್ನು ಕೀಳದೆ, ಎರಡು ತೆಳ್ಳನೆಯ ಪ್ಲೈವುಡ್ ತುಂಡುಗಳ ನಡುವೆ ಇಟ್ಟು ಕ್ಲಾಂಪ್ ಹಾಕಿ. ಹಾಳೆ ನಡುಗಿದರೆ ಅಂಚು ಎಗರುತ್ತದೆ. ಸಣ್ಣ ಹಲ್ಲಿನ ಬ್ಲೇಡ್, ನಡುವೇಗ, ಬ್ಲೇಡ್ ಹಿಂದೆ ಮುಂದೆ ತೂಗುವ ಆಯ್ಕೆ ಇದ್ದರೆ ಅದನ್ನು ಬಂದ್ ಮಾಡಿ. ಒಳಮೂಲೆಗಳಿದ್ದರೆ ಮೊದಲು ಅಲ್ಲಿ ದುಂಡು ತೂತು ಕೊರೆದು ಗರಗಸ ಅಲ್ಲಿಗೆ ಬಂದು ನಿಲ್ಲುವಂತೆ ಮಾಡಿ. ಚೂಪು ಒಳಮೂಲೆ ಎಂದರೆ ಮುಂದಿನ ಬಿರುಕಿಗೆ ಈಗಲೇ ದಾರಿ ತೋರಿಸಿದಂತೆ. ಅಂಚನ್ನು ಅರದಿಂದ ಸಮ ಮಾಡಿ, 220 ಮತ್ತು 400ರ ನೀರು ಕಾಗದದಿಂದ ಒದ್ದೆಯಾಗಿಯೇ ತಿಕ್ಕಿ. ಗರಗಸದ ಗೀರು ಅಂಚಿನಲ್ಲಿ ಉಳಿಯಬಾರದು.

ತೂತು ಕೊರೆಯುವಾಗ ಕೆಳಗೆ ಮರದ ತುಂಡು ಇಡಿ. ಬಿಟ್ ಹೊರಬರುವ ಕ್ಷಣದಲ್ಲೇ ಹೆಚ್ಚಿನ ಹಾಳೆಗಳು ಸೀಳುವುದು. ಕಬ್ಬಿಣಕ್ಕೆ ಮಸೆದ ಬಿಟ್ ಆಗ ಪ್ಲಾಸ್ಟಿಕ್ಕನ್ನು ಕಚ್ಚಿ ಮೇಲೆಳೆಯುತ್ತದೆ. ಬಿಟ್‌ನ ಕೊರೆಯುವ ಅಂಚನ್ನು ಸಾಣೆಕಲ್ಲಿಗೆ ಒಂದೆರಡು ಸಲ ತಾಗಿಸಿ ಆ ಕಚ್ಚುವ ಗುಣವನ್ನು ಕಳೆಯಬಹುದು. ಸ್ವಲ್ಪ ಕೊರೆದು ಎತ್ತಿ, ಮತ್ತೆ ಸ್ವಲ್ಪ ಕೊರೆದು ಎತ್ತಿ. ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಲೇಸರ್ ಯಂತ್ರದಲ್ಲಿ ಕತ್ತರಿಸಿಕೊಡುತ್ತೇವೆ ಎಂದು ನಾಮಫಲಕದವರು ಹೇಳಬಹುದು. ಅಕ್ರಿಲಿಕ್‌ಗೆ ಅದು ಬಹಳ ಚೆನ್ನ. ಪಾಲಿಕಾರ್ಬೊನೇಟ್ ಅಂಚು ಕಂದಾಗಿ ಸುಡುತ್ತದೆ, ಎಚ್‌ಡಿಪಿಇ ಕರಗಿ ಉಬ್ಬುತ್ತದೆ, ಪಿವಿಸಿಯನ್ನಂತೂ ಆ ಯಂತ್ರಕ್ಕೆ ಇಡಲೇಬಾರದು. ಯಂತ್ರವೇ ಬೇಕಾದರೆ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ, ಅಂದರೆ ಸಿಎನ್‌ಸಿ ರೂಟರ್ ಇರುವವರನ್ನು ಹುಡುಕಿ.

ನೀವು ಕೇಳದೆ ಇದ್ದರೂ ಒಂದು ಎಚ್ಚರಿಕೆ. ಎಚ್‌ಡಿಪಿಇ ತುಂಡು ಉಳಿಯಿತೆಂದು ಅದನ್ನು ಹಗ್ಗ ಹಿಡಿದಿಡುವ ಕ್ಲೀಟುಗಳ ಕೆಳಗೆ ಒತ್ತುಹಲಗೆಯಾಗಿ ಹಾಕಬೇಡಿ. ಸತತ ಒತ್ತಡದಲ್ಲಿ ಅದು ನಿಧಾನವಾಗಿ ಪಕ್ಕಕ್ಕೆ ಸರಿದು ತೆಳ್ಳಗಾಗುತ್ತದೆ, ಇಂದು ಬಿಗಿದ ಬೋಲ್ಟ್ ತಿಂಗಳಲ್ಲಿ ಸಡಿಲ. ಅಲ್ಲಿಗೆ ಅಂಚುಗಳಿಗೆಲ್ಲ ಎಪಾಕ್ಸಿ ಬಳಿದ ಪ್ಲೈವುಡ್ ಅಥವಾ ಬಟ್ಟೆಯ ಪದರಗಳನ್ನು ರಾಳದಿಂದ ಒತ್ತಿ ಮಾಡಿದ ಹೈಲಮ್ ಹಾಳೆ ಹಾಕಿ. ಬಿಳಿ ಎಚ್‌ಡಿಪಿಇ ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದರೆ ಪುಡಿಪುಡಿಯಾಗುತ್ತದೆ, ಬಿಸಿಲು ಬೀಳುವ ಜಾಗಕ್ಕೆ ಕರಿಬಣ್ಣದ್ದನ್ನೇ ಕೊಳ್ಳಿ; ಅದರಲ್ಲಿರುವ ಇಂಗಾಲದ ಪುಡಿ ಕಿರಣಗಳನ್ನು ತಡೆಯುತ್ತದೆ. ಮತ್ತು ಈ ಕತ್ತರಿಸುವಿಕೆಯನ್ನೆಲ್ಲ ಮನೆಯಲ್ಲೇ ಮುಗಿಸಿ, ಹಿನ್ನೀರಿನ ದಡದಲ್ಲಿ ಬೇಡ. ತೇಲುವ ಈ ಚೂರುಗಳು ಗಾಳಿಗೆ ಹಾರಿ ಕಾವೇರಿ ಸೇರಿದರೆ ಯಾರೂ ಹೆಕ್ಕಲಾರರು. ಕೆಳಗೆ ಹಳೆಯ ಪಂಚೆಯನ್ನೋ ಟಾರ್ಪಾಲನ್ನೋ ಹಾಸಿ ಒಂದು ಚೂರೂ ಬಿಡದೆ ಕಟ್ಟಿಕೊಳ್ಳಿ.

ಜೂನ್ ಬಂತೆಂದರೆ ಹಿನ್ನೀರಿನ ಮೇಲೆ ನೈಋತ್ಯದ ಗಾಳಿ ಜೋರಾಗುತ್ತದೆ, ಆದ್ದರಿಂದ ಮುಚ್ಚಳ ಮತ್ತು ಚುಕ್ಕಾಣಿ ಮೊದಲು. ಸೀಳಿನ ಪಟ್ಟಿಯಿಲ್ಲದೆ ದೋಣಿ ತುಸು ನಿಧಾನವಾದೀತು, ಸೆಂಟರ್‌ಬೋರ್ಡ್ ಪೆಟ್ಟಿಗೆಯಿಂದ ಸ್ವಲ್ಪ ನೀರು ಚಿಮ್ಮೀತು, ಅಷ್ಟೇ. ಅದಕ್ಕೆ ದೋಣಿಯನ್ನು ಬೋರಲು ಹಾಕಬೇಕು, ಒಣ ದಿನ ಬೇಕು. ಹಳೆಯ ಅಂಟನ್ನು ಉಳಿಯಿಂದ ಹೆರೆದು, ಫಿಲ್ಮಿನ ಅಂಟಿಸುವ ಮುಖವನ್ನು 120ರ ಉಪ್ಪುಕಾಗದದಿಂದ ಒರಟು ಮಾಡಿ. ದೋಣಿಯ ಮೈಗೂ ಫಿಲ್ಮಿಗೂ ರಬ್ಬರ್ ಆಧಾರಿತ ಕಾಂಟ್ಯಾಕ್ಟ್ ಅಂಟು ಬಳಿದು, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಕೂಡಿಸಿ ರೋಲರ್‌ನಿಂದ ಒತ್ತಿ. ಪಟ್ಟಿಯ ಮೇಲೆ ಉದ್ದಕ್ಕೂ ತೆಳ್ಳನೆಯ ಸ್ಟೇನ್‌ಲೆಸ್ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಬರೀ ಅಂಟನ್ನು ನಂಬಿದರೆ ಮುಂದಿನ ತುದಿಯಿಂದಲೇ ನೀರು ಎಬ್ಬಿಸುತ್ತದೆ. ಫಿಲ್ಮಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ಸ್ಕ್ರೂ ತೂತುಗಳಿಗೆ ಸೀಲೆಂಟ್ ತುಂಬಿ, ಒಂದು ದಿನ ಪೂರ್ತಿ ಹಾಗೆಯೇ ಬಿಟ್ಟು, ದೋಣಿಯನ್ನು ಮಗ್ಗುಲಾಗಿಸಿ ಸೆಂಟರ್‌ಬೋರ್ಡನ್ನು ಕೈಯಿಂದ ಹಲವು ಸಲ ಇಳಿಸಿ ಏರಿಸಿ. ಎಲ್ಲಾದರೂ ಅಂಚು ಮಡಚಿಕೊಂಡು ಒಳಗೆ ಸಿಕ್ಕಿದರೆ ಆ ಜಾಗದಲ್ಲಿ ಪಟ್ಟಿ ಅಗಲ ಹೆಚ್ಚಾಗಿದೆ ಎಂದರ್ಥ. ಉಕ್ಕಿನ ಪಟ್ಟಿ ಒತ್ತಿಟ್ಟು ಚಾಕುವಿನಿಂದ ಒಂದು ಮಿ.ಮೀ. ಸವರಿ.